‘ಕರ್ಲಿ’ ಎಂಬುದು ಮರದ ಹೆಸರಲ್ಲ

ಮಾನ್ಯರೇ,

ಈಚೆಗೆ ನಾನು ಹೇಳಿ ಮಾಡಿಸಿಕೊಂಡ ಪೂಲ್ ಕ್ಯೂವಿನ (ಬಿಲಿಯರ್ಡ್ಸ್‌ನಂಥ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಮರದ ಕೋಲಿನ) ರಸೀದಿಯಲ್ಲಿ ಮರದ ಹೆಸರಿನ ಜಾಗದಲ್ಲಿ ‘ಕರ್ಲಿ’ ಎಂದಷ್ಟೇ ಬರೆದಿತ್ತು. ಕರ್ಲಿ ಎನ್ನುವುದು ಮರದ ಜಾತಿಯಲ್ಲ. ಎಳೆಗಳು ಅಲೆಯಲೆಯಾಗಿ ಬೆಳೆದಾಗ ಮೂಡುವ ಅಡ್ಡಪಟ್ಟೆಯ ವಿನ್ಯಾಸವದು. ಮೇಪಲ್‌ನಲ್ಲಿ ಕಾಣುವಂತೆಯೇ ಅದು ವಾಲ್‌ನಟ್, ಆ್ಯಶ್ ಮರಗಳಲ್ಲೂ ಕಾಣುತ್ತದೆ. ಸಣ್ಣ ಸುಳಿಗಳು ಚುಕ್ಕಿಚುಕ್ಕಿಯಾಗಿ ಹರಡಿರುವ ‘ಬರ್ಡ್ಸ್ ಐ’ ವಿನ್ಯಾಸ ಮಾತ್ರ ಹೆಚ್ಚಾಗಿ ಉತ್ತರ ಅಮೆರಿಕದ ಶುಗರ್ ಮೇಪಲ್‌ನದು.

ಕ್ಯೂವನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳುಗಳ ನಡುವೆ ನಿಧಾನವಾಗಿ ಹೊರಳಿಸಿದರೆ, ನಿಜವಾದ ಕರ್ಲಿಯಲ್ಲಿ ಈಗ ಕಪ್ಪಗೆ ಕಂಡ ಪಟ್ಟೆ ಮರುಕ್ಷಣ ಹೊಳೆಯುತ್ತದೆ, ಹೊಳೆಯುತ್ತಿದ್ದದ್ದು ಮಂಕಾಗುತ್ತದೆ. ಮುದ್ರಿಸಿ ಮೇಲೆ ಪಾಲಿಶ್ ಹೊಡೆದ ಪಟ್ಟೆ ಹೀಗೆ ಕದಲುವುದಿಲ್ಲ. ಆದರೆ ಜಾತಿ ತಿಳಿಯಲು ಇಷ್ಟು ಸಾಲದು, ಬಣ್ಣವನ್ನಂತೂ ನಂಬಲೇಬಾರದು. ಕ್ಯೂವನ್ನು ಬಿಚ್ಚಿದಾಗ ಅದರ ಎರಡು ತುಂಡುಗಳನ್ನು ಜೋಡಿಸುವ ಪಿನ್ನಿನ ಸುತ್ತ ಮರವೇ ಕಾಣುವಂತಿದ್ದರೆ, ಆ ಅಡ್ಡಕೊಯ್ತವನ್ನು ಭೂತಗನ್ನಡಿಯಲ್ಲಿ ನೋಡಬೇಕು: ನಮ್ಮ ಬೀಟೆಯ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ, ಮೇಪಲ್‌ನವು ಗಾಜಿನಡಿಯಲ್ಲೂ ಸೂಜಿಮೊನೆಯಷ್ಟೇ. ಬಣ್ಣ ಬಳಿದ ಮೇಪಲ್ಲನ್ನು ಬೀಟೆಯೆಂದು ಮಾರಿದರೆ ಸಿಕ್ಕಿಬೀಳುವುದು ಇಲ್ಲಿಯೇ.

ಇದು ಬರೀ ಶೋಕಿಯ ತಕರಾರಲ್ಲ. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ, ಅಳಿವಿನಂಚಿನ ಜೀವಜಾತಿಗಳ ವ್ಯಾಪಾರಕ್ಕೆ ಸಂಬಂಧಿಸಿದ ‘ಸೈಟ್ಸ್’ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣದಲ್ಲಿದೆ. ಆದ್ದರಿಂದ ಕ್ಯೂ ತಯಾರಕರು ರಸೀದಿಯಲ್ಲಿ ಮರದ ಜಾತಿಯನ್ನೂ ವಿನ್ಯಾಸವನ್ನೂ ಬೇರೆಬೇರೆಯಾಗಿ ನಮೂದಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಹವ್ಯಾಸಿ ಆಟಗಾರ, ಬೆಂಗಳೂರು