ನಿನ್ನ ಆ ‘ಬಂದೇ’ ಎಂಬ ಪದಕ್ಕೆ ನನ್ನ ತಕರಾರು

ಗೆಳೆಯಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೆಯ ಸಲ ಬರಲಿಲ್ಲ. ಮೂಗಿನ ಮೇಲಿದ್ದ ಕನ್ನಡಕವನ್ನೇ ಮನೆಯೆಲ್ಲ ಹುಡುಕಿ, ಆಮೇಲೆ ಅಮ್ಮನ ಕೊನೆಯ ವರ್ಷಗಳು ನೆನಪಾಗಿ ರಾತ್ರಿಯೆಲ್ಲ ಎದ್ದು ಕುಳಿತೆಯಂತೆ. ಅವರಿಗೆ ಬಂದ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ನನಗೂ ಬಂದೇ ಬರುತ್ತದೆ, ರಕ್ತದಲ್ಲೇ ಇದೆ ಎಂದಿದ್ದೀಯ. ಆ ‘ಬಂದೇ’ಯನ್ನು ನಾನು ಒಪ್ಪುವುದಿಲ್ಲ.

ರಕ್ತದಲ್ಲಿ ಏನೂ ಇಲ್ಲ ಎಂದು ವಾದಿಸುತ್ತಿಲ್ಲ. 19ನೆಯ ವರ್ಣತಂತುವಿನಲ್ಲಿ ಎಪಿಒಇ ಎಂಬ ವಂಶವಾಹಿಯಿದೆ. ಕೊಬ್ಬನ್ನು ಹೊತ್ತು ಸಾಗಿಸುವ ಪ್ರೋಟೀನೊಂದು ಅದರಿಂದ ತಯಾರಾಗುತ್ತದೆ. ಇ2, ಇ3, ಇ4 ಎಂದು ಅದಕ್ಕೆ ಮೂರು ರೂಪಗಳು. ತಂದೆಯಿಂದ ಒಂದು, ತಾಯಿಯಿಂದ ಒಂದು ನಮ್ಮ ಪಾಲಿಗೆ ಬರುತ್ತದೆ. ಇಳಿವಯಸ್ಸಿನ ಆಲ್ಝೈಮರ್ ಕಾಯಿಲೆಗೂ ಇ4ಕ್ಕೂ ನಂಟಿದೆ ಎಂಬುದು 1993ರಲ್ಲಿ ಗೊತ್ತಾಯಿತು. ಆದರೆ ಅಮ್ಮನಲ್ಲಿ ಅದು ಇತ್ತೋ ಇಲ್ಲವೋ ನಮಗೆ ತಿಳಿಯದು. ಒಂದಿತ್ತು ಎಂದುಕೊಂಡರೂ ಅವರಿಂದ ನಿನಗೆ ದಾಟಿರುವ ಸಾಧ್ಯತೆ ಅರ್ಧಕ್ಕರ್ಧ. ಇ4 ಇದ್ದೂ ನೆನಪು ಕೆಡದೆ ಬಾಳಿದವರಿದ್ದಾರೆ, ಇಲ್ಲದೆಯೂ ಕಾಯಿಲೆಗೆ ಸಿಕ್ಕವರಿದ್ದಾರೆ.

ಈ ವಂಶವಾಹಿಯ ಪರೀಕ್ಷೆ ಮಾಡಿಸಲೋ ಬೇಡವೋ ಎಂದು ತೂಗಾಡುತ್ತಿದ್ದೀಯಲ್ಲ, ಅದಕ್ಕೆ ನಾಚಿಕೆ ಬೇಡ. ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಇಡೀ ಜೀನೋಮನ್ನು, ಅಂದರೆ ತಮ್ಮ ಡಿಎನ್‌ಎಯ ಪೂರ್ತಿ ವಿವರವನ್ನು, ಲೋಕದ ಮುಂದಿಟ್ಟಾಗ, ಈ ಒಂದು ವಂಶವಾಹಿಯ ವಿವರ ಮಾತ್ರ ತಮಗೂ ಬೇಡ ಎಂದುಬಿಟ್ಟರು!

ವಂಶವಾಹಿ ಹೇಗಿದ್ದರೂ ನಾವು ಮಾಡಬಹುದಾದದ್ದು ಏನಾದರೂ ಇದೆಯೇ? ಈಗ ನಡಿಗೆಯ ವಿಷಯ. ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ವಯಸ್ಸಾದಂತೆ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 120 ಮಂದಿ ಹಿರಿಯರಿದ್ದರು. ಅರ್ಧದಷ್ಟು ಜನ ವಾರಕ್ಕೆ ಮೂರು ದಿನ, ತಲಾ 40 ನಿಮಿಷ, ವರ್ಷವಿಡೀ ಬಿರುಸಾಗಿ ನಡೆದರು. ಉಳಿದವರು ಮೈ ಸಡಿಲಿಸುವ ವ್ಯಾಯಾಮ ಮಾಡಿದರು. ನಡೆದವರ ಹಿಪೊಕ್ಯಾಂಪಸ್ ಶೇ. 2ರಷ್ಟು ಹಿಗ್ಗಿತ್ತು, ಇನ್ನೊಂದು ಗುಂಪಿನವರದು ಕುಗ್ಗಿತ್ತು. ನಿನಗೆ ಬೇಕಾದದ್ದು 2014ರ ಇನ್ನೊಂದು ಅಧ್ಯಯನ. ಆರೋಗ್ಯವಂತ ಹಿರಿಯರನ್ನು ಒಂದೂವರೆ ವರ್ಷ ಗಮನಿಸಿದಾಗ, ಇ4 ಇದ್ದು ಮೈಯಾಡಿಸದೆ ಕುಳಿತವರ ಹಿಪೊಕ್ಯಾಂಪಸ್ ಸುಮಾರು ಶೇ. 3ರಷ್ಟು ಇಳಿದಿತ್ತು. ಇ4 ಇದ್ದೂ ಚಟುವಟಿಕೆಯಿಂದಿದ್ದವರದು ಹೆಚ್ಚುಕಡಿಮೆ ಇದ್ದಂತೆಯೇ ಇತ್ತು.

ಕುಣಿಯಬೇಡ. ಅದರಲ್ಲಿ ಇದ್ದವರು ನೂರು ಜನರೂ ಅಲ್ಲ. ನಡೆದದ್ದರಿಂದ ಮೆದುಳು ಉಳಿಯಿತೋ, ಮೆದುಳು ಚೆನ್ನಾಗಿದ್ದವರೇ ನಡೆಯುತ್ತಿದ್ದರೋ ಎಂದು ಕೇಳುವವರಿಗೆ ಅದರಲ್ಲಿ ಉತ್ತರವಿಲ್ಲ. 2022ರಲ್ಲಿ ಪ್ರಕಟವಾದ, 585 ಹಿರಿಯರ ಮೇಲೆ ನಡೆದ ಪ್ರಯೋಗದಲ್ಲಂತೂ ಆರು ತಿಂಗಳ ವ್ಯಾಯಾಮದ ನಂತರವೂ ನೆನಪಿನ ಶಕ್ತಿ ಹೆಚ್ಚಿದ್ದು ಕಾಣಲಿಲ್ಲ. ಹಾಗಾಗಿ ನಡೆದರೆ ಕಾಯಿಲೆ ಬಾರದು ಎಂದು ನಾನು ಮಾತು ಕೊಡಲಾರೆ. ಆದರೂ ನಡೆಯುವವನ ಹೃದಯ, ರಕ್ತದೊತ್ತಡ, ನಿದ್ದೆಗೆ ಆಗುವ ಲಾಭ ಸುಳ್ಳಲ್ಲ. ಅವೆಲ್ಲ ಕೆಟ್ಟರೆ ಮೆದುಳೂ ಬಳಲುತ್ತದೆ. ವಂಶವಾಹಿಯನ್ನು ನೀನು ಬದಲಾಯಿಸಲಾರೆ, ಕುರ್ಚಿಯಿಂದ ಏಳಬಲ್ಲೆ.

ಅಂದಹಾಗೆ, ಒಮ್ಮೆ ವೈದ್ಯರ ಬಳಿ ಹೋಗಿ ಥೈರಾಯ್ಡ್, ಬಿ12 ನೋಡಿಸಿಕೊ. ಅವು ಕಡಿಮೆಯಾದರೂ ಮರೆವು ಬರುತ್ತದೆ, ಮಾತ್ರೆಗೆ ಬಗ್ಗುತ್ತದೆ.

ಸೋಮವಾರದಿಂದ ಸಂಜೆ ಆರಕ್ಕೆ ಫೋನ್ ಮಾಡುತ್ತೇನೆ. ನೀನು ಅಲ್ಲಿ ನಡೆ, ನಾನು ಇಲ್ಲಿ ನಡೆಯುತ್ತೇನೆ. ಏಳನೆಯ ತರಗತಿಯಲ್ಲಿ ನಮ್ಮಿಬ್ಬರ ನಡುವೆ ಕೂರುತ್ತಿದ್ದ ಆ ಉದ್ದನೆಯ ಹುಡುಗನ ಹೆಸರು ಮೂರು ದಿನದಿಂದ ನನಗೆ ಹೊಳೆಯುತ್ತಿಲ್ಲ. ನಿನಗೆ ನೆನಪಿದ್ದರೆ ಅಂದು ಹೇಳು.

ನಿನ್ನವನೇ,
ಹಳೆಯ ಬೆಂಚಿನ ಗೆಳೆಯ