ಇಂಟರ್ನೆಟ್ ಎಕ್ಸ್‌ಪ್ಲೋರರ್ ಸೇವೆಯಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಕಲಬುರಗಿ

ಮಾನ್ಯ ಗ್ರಾಹಕರಿಗೆ ಶರಣಾರ್ಥಿಗಳು.

ವಿಂಡೋಸ್ 11 ಇರುವ ಕಂಪ್ಯೂಟರುಗಳಲ್ಲಿ ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರನ್ನು ಸ್ಕ್ರಿಪ್ಟ್ (ಕಂಪ್ಯೂಟರಿಗೆ ಆದೇಶ ಕೊಡುವ ಸಣ್ಣ ಫೈಲ್) ಮೂಲಕ ತೆರೆಯುವಂತೆ ಮಾಡಿಕೊಡುವ ಕೆಲಸವನ್ನು ಬರುವ ತಿಂಗಳ 1ನೇ ತಾರೀಖಿನಿಂದ ನಿಲ್ಲಿಸುತ್ತಿದ್ದೇವೆ. ಅದರ ಬದಲು ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರಿನಲ್ಲೇ ಇರುವ, ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕಾಗುವ ಪುಟಗಳನ್ನು ತೋರಿಸುವ ಐಇ ಮೋಡ್ ಸೌಲಭ್ಯವನ್ನು ಹೊಂದಿಸಿಕೊಡುತ್ತೇವೆ. ವಾರ್ಷಿಕ ನಿರ್ವಹಣಾ ಒಪ್ಪಂದ ಇರುವವರಿಗೆ ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

ಗಂಜಿನ ಅಡತ್ ಅಂಗಡಿಗಳಿಂದ ಹಿಡಿದು ಕಪನೂರಿನ ದಾಲ್ ಮಿಲ್ಲುಗಳವರೆಗೆ, ಈ ಬ್ರೌಸರ್ ಬೇಕೆನ್ನುವವರಲ್ಲಿ ಹೆಚ್ಚಿನವರು ಕೇಳುವುದು ಸಿಸಿಟಿವಿಯ ಡಿವಿಆರ್ (ಕ್ಯಾಮೆರಾ ಚಿತ್ರಗಳನ್ನು ದಾಖಲಿಸುವ ಪೆಟ್ಟಿಗೆ) ನೋಡುವುದಕ್ಕಾಗಿ. ಹಳೆಯ ಡಿವಿಆರ್‌ಗಳ ಪುಟದಲ್ಲಿ ಚಿತ್ರ ಮೂಡಲು ಆಕ್ಟಿವ್‌ಎಕ್ಸ್ ಪ್ಲಗಿನ್ (ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಜೋಡಿಸುವ ಸಣ್ಣ ತಂತ್ರಾಂಶ) ಬೇಕಾಗುತ್ತದೆ. ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ ಅದನ್ನು ನಡೆಸುವುದಿಲ್ಲ. ಆದ್ದರಿಂದ ನಿಮ್ಮ ಬೇಡಿಕೆ ನ್ಯಾಯವಾದದ್ದೇ. ಅದನ್ನು ಪೂರೈಸುವ ದಾರಿಯನ್ನಷ್ಟೇ ನಾವು ಬದಲಿಸುತ್ತಿದ್ದೇವೆ.

ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಈ ಬ್ರೌಸರಿಗೆ ಬೆಂಬಲ ನಿಲ್ಲಿಸಿತು. 2023ರ ಫೆಬ್ರವರಿ 14ರಂದು ಎಡ್ಜ್‌ನ ಅಪ್‌ಡೇಟ್ ಮೂಲಕ ವಿಂಡೋಸ್ 10ರ ಬಹುಪಾಲು ಆವೃತ್ತಿಗಳಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಿತು. ವಿಂಡೋಸ್ 11ರಲ್ಲಂತೂ ಅದು ಮೊದಲಿನಿಂದಲೂ ಬಳಕೆಗೆ ಸಿಗುತ್ತಿರಲಿಲ್ಲ. ಆದರೆ ಪುಟವನ್ನು ಮೂಡಿಸುವ ಅದರ ಎಂಜಿನ್ ಆದ ಎಂಎಸ್‌ಎಚ್‌ಟಿಎಂಎಲ್ ಅನ್ನು ಬೇರೆ ತಂತ್ರಾಂಶಗಳು ನೆಚ್ಚಿಕೊಂಡಿರುವ ಕಾರಣ ಅದನ್ನು ವಿಂಡೋಸ್‌ನಿಂದ ತೆಗೆದಿಲ್ಲ, ಹೀಗಾಗಿ ಎರಡು ಸಾಲಿನ ವಿಬಿಎಸ್ ಸ್ಕ್ರಿಪ್ಟ್ ಇದ್ದರೆ ಹಳೆಯ ಕಿಟಕಿ ಮತ್ತೆ ತೆರೆದುಕೊಳ್ಳುತ್ತದೆ. ಇದು ಮುಚ್ಚಿದ ಮನೆಗೆ ಹಿತ್ತಲ ಬಾಗಿಲಿನಿಂದ ಹೋದಂತೆ. ಆ ಬಾಗಿಲನ್ನು ಕಳ್ಳರೂ ಬಲ್ಲರು. ವಿಂಡೋಸ್ 10 ಮತ್ತು 11ರಲ್ಲಿ ಶಾರ್ಟ್‌ಕಟ್ ಫೈಲಿನ ನೆಪದಲ್ಲಿ ಇದೇ ಹಳೆಯ ಬ್ರೌಸರನ್ನು ತೆರೆಸಿ ದಾಳಿ ನಡೆಸುತ್ತಿದ್ದುದು ಬೆಳಕಿಗೆ ಬಂದು, 2024ರ ಜುಲೈನಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಕೊಟ್ಟಿತು. ಬ್ಯಾಂಕ್ ವ್ಯವಹಾರವೂ ಜಿಎಸ್‌ಟಿ ರಿಟರ್ನ್ಸೂ ನಡೆಯುವ ಕಂಪ್ಯೂಟರಿನಲ್ಲಿ ಇಂಥ ಕಿಟಕಿಯನ್ನು ತೆರೆದಿಡುವುದು ನಮಗೆ ಸರಿಕಾಣುವುದಿಲ್ಲ.

ಐಇ ಮೋಡ್‌ನಲ್ಲೂ ಕೆಲಸ ಮಾಡುವುದು ಅದೇ ಎಂಜಿನ್. ಆದರೆ ನಾವು ಪಟ್ಟಿಗೆ ಸೇರಿಸಿದ ವಿಳಾಸ ಮಾತ್ರ ಅದರಲ್ಲಿ ತೆರೆಯುತ್ತದೆ, ಉಳಿದದ್ದೆಲ್ಲ ಎಡ್ಜ್‌ನಲ್ಲೇ ನಡೆಯುತ್ತದೆ. ದುರುಪಯೋಗ ಕಂಡುಬಂದ ಕಾರಣ 2025ರಲ್ಲಿ ಸಾಮಾನ್ಯ ಬಳಕೆದಾರರಿಗೆ ಐಇ ಮೋಡ್‌ನ ಟೂಲ್‌ಬಾರ್ ಗುಂಡಿಯನ್ನೂ ಮೆನುವಿನ ಆಯ್ಕೆಯನ್ನೂ ತೆಗೆಯಲಾಯಿತು. ಈಗ ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಕೊಟ್ಟು ವಿಳಾಸವನ್ನು ಕೈಯಾರೆ ಸೇರಿಸಬೇಕು. ಹಾಗೆ ಸೇರಿಸಿದ ವಿಳಾಸದ ಅವಧಿ 30 ದಿನ ಮಾತ್ರ. "ಕ್ಯಾಮೆರಾ ಮತ್ತೆ ಹೋಯಿತು" ಎಂಬ ಫೋನುಗಳಲ್ಲಿ ಹಲವಕ್ಕೆ ಕಾರಣ ಇದೇ. ನಾವು ಸೈಟ್ ಪಟ್ಟಿಯ ಫೈಲನ್ನು ಪಾಲಿಸಿಯ (ಇಡೀ ಕಂಪ್ಯೂಟರಿಗೆ ಅನ್ವಯಿಸುವ ಆಡಳಿತ ಸೆಟ್ಟಿಂಗ್) ಮೂಲಕ ಕೂರಿಸುವುದರಿಂದ ಈ ಗಡುವು ಅನ್ವಯಿಸುವುದಿಲ್ಲ. ಪುಟ ತೆರೆದಾಗ ವಿಳಾಸದ ಎಡಬದಿಗೆ ಪರಿಚಿತವಾದ ಹಳೆಯ ಬ್ರೌಸರಿನ ಗುರುತು ಸಣ್ಣದಾಗಿ ಕಾಣಿಸುತ್ತದೆ. ಆ ಗುರುತನ್ನೇ ಹುಡುಕುವ ಗುಮಾಸ್ತರಿಗೆ ಇಷ್ಟು ಸಾಕಾದೀತು.

ನಮ್ಮ ತಂತ್ರಜ್ಞರು ಮುಂದಿನ ಭೇಟಿಯಲ್ಲಿ ಹಳೆಯ ಸ್ಕ್ರಿಪ್ಟನ್ನು ತೆಗೆದು ಹೊಸ ವ್ಯವಸ್ಥೆ ಮಾಡುತ್ತಾರೆ. ಅಷ್ಟರೊಳಗೆ ಡಿವಿಆರ್‌ನ ಐಪಿ ವಿಳಾಸ ಮತ್ತು ಪಾಸ್‌ವರ್ಡ್ ಸಿದ್ಧವಾಗಿಟ್ಟುಕೊಳ್ಳಬೇಕಾಗಿ ವಿನಂತಿ. ಕೆಲವು ಮಾದರಿಗಳು ಫರ್ಮ್‌ವೇರ್ (ಡಿವಿಆರ್‌ನ ಒಳಗಿನ ತಂತ್ರಾಂಶ) ಅಪ್‌ಡೇಟ್ ಆದ ಮೇಲೆ ಪ್ಲಗಿನ್ ಇಲ್ಲದೆಯೇ ತೆರೆಯುವುದುಂಟು. ಅದನ್ನೇ ಮೊದಲು ಪರೀಕ್ಷಿಸುತ್ತೇವೆ. ಐಇ ಮೋಡ್‌ಗೆ ಕನಿಷ್ಠ 2029ರವರೆಗೆ ಬೆಂಬಲವಿರುವುದಾಗಿ ಮೈಕ್ರೋಸಾಫ್ಟ್ ತಿಳಿಸಿರುವುದರಿಂದ, ಕೇವಲ ಇದಕ್ಕಾಗಿ ಡಿವಿಆರ್ ಬದಲಿಸುವ ಅವಸರ ಬೇಡ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು