ಕೊಸರಿನ ಗುಬ್ಬಿ

ಲಂಡನ್, ಗುರುವಾರ ರಾತ್ರಿ

ಪ್ರೀತಿಯ ಅಪ್ಪನಿಗೆ ನಮಸ್ಕಾರ. ದೇವರ ದಯೆಯಿಂದ ಇಲ್ಲಿ ಕ್ಷೇಮ. ಅಮ್ಮ, ಸ್ಟೀವನ್, ಮೇರಿಯಕ್ಕ ಎಲ್ಲರನ್ನೂ ಕೇಳಿದೆ ಅಂತ ಹೇಳಿ.

ನಿಮ್ಮ ಪತ್ರ ಮಂಗಳವಾರ ಬಂತು. ಡ್ಯೂಟಿ ಮುಗಿಸಿ ಬಂದವಳು ಕೋಟು ಕೂಡ ತೆಗೆಯದೆ ಓದಿದೆ. ಅಕ್ಷರ ನಿಮ್ಮದೇ, ಸಾಲುಗಳು ಮಾತ್ರ ಕೆಳಗೆ ಜಾರಿವೆ. "ಇನ್ನು ಡಯಾಲಿಸಿಸ್ ಸಾಕು. ನಿನ್ನ ಸಂಬಳವನ್ನೆಲ್ಲ ಈ ಮುದಿ ಜೀವಕ್ಕೆ ಸುರಿಯಬೇಡ, ನಾನು ಎಲ್ಲರಿಗೂ ಭಾರ" ಅಂತ ಬರೆದಿದ್ದೀರಿ. ಆ ಸಾಲು ಅಮ್ಮನಿಗೆ ತೋರಿಸಿಲ್ಲ ಅಲ್ವಾ? ತೋರಿಸಬೇಡಿ. ಫೋನಿನಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವ ಒಬ್ಬ ಅಜ್ಜಿಗೆ ಹೋದ ತಿಂಗಳು ನೂರು ತುಂಬಿತು. ಇಲ್ಲಿ ನೂರು ತುಂಬಿದವರಿಗೆ ಅರಮನೆಯಿಂದ ಕಾರ್ಡ್ ಬರುತ್ತದೆ ಅಪ್ಪ, ನಿಜವಾಗಿ! 1917ರಲ್ಲಿ ಶುರುವಾದದ್ದಂತೆ. ನಮ್ಮ ವಾರ್ಡಿಗೆಲ್ಲ ಅವತ್ತು ಸಂಭ್ರಮ. ಆದರೆ ಅಜ್ಜಿಗೆ ರಾಜ ಯಾರು ಅಂತ ಗೊತ್ತಿಲ್ಲ, ಹೆತ್ತ ಮಗಳ ಗುರುತೂ ಇಲ್ಲ. ಕಾರ್ಡ್ ಪಕ್ಕಕ್ಕಿಟ್ಟು ನನ್ನ ಕೈ ಹಿಡಿದು, "ತಣ್ಣಗಿದೆಯಲ್ಲ" ಅಂದರು. ತಮ್ಮ ಹೊದಿಕೆಯೊಳಗೆ ಎಳೆದುಕೊಂಡು ತುಂಬಾ ಹೊತ್ತು ಉಜ್ಜಿದರು. ದುಡಿಮೆ ಇಲ್ಲ, ನೆನಪಿಲ್ಲ. ಈ ಜೀವ ಯಾರಿಗೆ ಬೇಕು ಅಂತ ನೀವು ಕೇಳುತ್ತೀರಾ? ಕೇಳುವುದಿಲ್ಲ. ನಿಮ್ಮ ವಿಷಯಕ್ಕೆ ಮಾತ್ರ ಯಾಕೆ ಕೇಳುತ್ತೀರಿ?

ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನು ಅಂತ ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲೇ ಇದೆ. ಕೈಕಾಲು ಗಟ್ಟಿ ಇರುವ ತನಕ ಮಾತ್ರ ಅಂತ ಅಲ್ಲಿ ಬರೆದಿಲ್ಲ. ಗುಬ್ಬಿ ಲೆಕ್ಕ ಹೇಳಿಕೊಟ್ಟವರು ನೀವೇ. ಮತ್ತಾಯನಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನಲ್ಲಿ ಎರಡು ಕಾಸಿಗೆ ಐದು. "ಐದನೆಯದು ಎಲ್ಲಿಂದ ಬಂತು?" ಅಂತ ನನ್ನನ್ನೂ ಸ್ಟೀವನ್ನನ್ನೂ ಕೇಳುತ್ತಿದ್ದಿರಿ. ಅದು ಕೊಸರು ಅಂತ ನಾನು ಕೂಗುತ್ತಿದ್ದೆ. ಬೆಲೆಯೇ ಇಲ್ಲದ ಆ ಗುಬ್ಬಿಯನ್ನೂ ದೇವರು ಮರೆಯುವುದಿಲ್ಲ ಅಂತ ಯೇಸು ಹೇಳಿದ್ದು, ಅಲ್ವಾ ಅಪ್ಪ?

ಒಂದು ವಿಷಯ ಮುಚ್ಚಿಡುವುದಿಲ್ಲ. ಸಾಯುವ ತನಕ ಎಲ್ಲ ಯಂತ್ರಕ್ಕೂ ಜೋತುಬೀಳಲೇಬೇಕು ಅಂತ ಧರ್ಮಸಭೆ ಹೇಳುವುದಿಲ್ಲ. 1957ರಲ್ಲೇ ಪೋಪ್ ಹನ್ನೆರಡನೇ ಪಯಸ್ ಇದನ್ನು ಡಾಕ್ಟರುಗಳಿಗೆ ಹೇಳಿದ್ದರು. ಮನೆಯವರ ಮೇಲೆ ವಿಪರೀತ ಖರ್ಚು ಬೀಳಬಾರದು ಅಂತ ರೋಗಿ ಚಿಕಿತ್ಸೆ ಬೇಡ ಅನ್ನಬಹುದು, ಅದು ಆತ್ಮಹತ್ಯೆ ಅಲ್ಲ ಅಂತ 1980ರಲ್ಲಿ ವ್ಯಾಟಿಕನ್ ಕೂಡ ಬರೆದಿದೆ. ಫಾದರ್ ಹತ್ತಿರ ಕೇಳಿದರೆ ಅವರೂ ಇದನ್ನೇ ಹೇಳಬಹುದು. ಆದರೆ ಖರ್ಚು ವಿಪರೀತವೋ ಅಲ್ಲವೋ ಅಂತ ಹೇಳಬೇಕಾದವಳು ನಾನು. ಅಲ್ಲ ಅಂತ ಹೇಳುತ್ತಿದ್ದೇನೆ. ಚಿಕಿತ್ಸೆ ಭಾರ ಅನ್ನುವುದು ಬೇರೆ, ನಾನೇ ಭಾರ ಅನ್ನುವುದು ಬೇರೆ. ನೀವು ಬರೆದದ್ದು ಎರಡನೆಯದು. ಅದನ್ನು ನಾನು ಒಪ್ಪುವುದಿಲ್ಲ.

ಮುಂದೆ ಒಂದು ದಿನ ಮೈ ತಡೆಯದೇ ಹೋದರೆ, ಆಗ ಕೂತು ಮಾತಾಡೋಣ. ಆಗಲೂ ನಿಮ್ಮನ್ನು ಒಂಟಿ ಬಿಡುವುದಿಲ್ಲ, ನೋವಿನಲ್ಲೂ ಬಿಡುವುದಿಲ್ಲ. ಸಿಸಿಲಿ ಸಾಂಡರ್ಸ್ ಅನ್ನುವ ಭಕ್ತೆಯೊಬ್ಬರು ಮೊದಲು ನರ್ಸ್ ಆಗಿದ್ದು ಆಮೇಲೆ ಡಾಕ್ಟರಾದರು. ಸಾಯುವವರ ನೋವು ನೀಗಿಸಲೆಂದೇ 1967ರಲ್ಲಿ ಇದೇ ಊರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಅನ್ನುವ ಆರೈಕೆ ಕೇಂದ್ರ ತೆರೆದರು. ನಾವು ಕಲಿತದ್ದು ಅವರ ದಾರಿಯನ್ನೇ.

ಹೋದ ಸಲ ಬಂದಾಗ ನಿಮ್ಮ ಎಡಗೈಯಲ್ಲಿ ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಜಾಗ, ಆ ಫಿಸ್ಟುಲಾ ಮೇಲೆ ಬೆರಳಿಟ್ಟಿದ್ದೆ. ಚರ್ಮದ ಕೆಳಗೆ ರಕ್ತ ಜುಂ ಅಂತ ಹರಿಯುತ್ತಿತ್ತು, ಮುಷ್ಟಿಯಲ್ಲಿ ದುಂಬಿ ಹಿಡಿದ ಹಾಗೆ. ನೀವು ನಿದ್ದೆ ಹೋದ ಮೇಲೂ ನಾನು ಬೆರಳು ತೆಗೆದಿರಲಿಲ್ಲ. ಆ ಸದ್ದು ನನಗೆ ಬೇಕು.

ದುಡ್ಡಿನ ಚಿಂತೆ ಬೇಡವೇ ಬೇಡ. ಸಾಲ ಇಲ್ಲ, ಓವರ್‌ಟೈಮ್ ಬೇಕಾದಷ್ಟಿದೆ, ರೂಮು ಬೆಚ್ಚಗಿದೆ, ಹೊಸ ಬೂಟೂ ತಗೊಂಡೆ. ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ನಿಜವಾಗಿ ಚೆನ್ನಾಗಿದ್ದೇನೆ.

ಶನಿವಾರದ ಡಯಾಲಿಸಿಸ್ ತಪ್ಪಿಸಬೇಡಿ. ನಾಲ್ಕು ಗಂಟೆಯಲ್ಲಿ ಅರ್ಧ ಗಂಟೆ ಕಡಿಮೆ ಮಾಡಿ ಅಂತ ಅವರನ್ನು ಕೇಳಲೂಬೇಡಿ. ಎಡಗೈಯಲ್ಲಿ ಬಿ.ಪಿ. ನೋಡಲು ಬಿಡಬೇಡಿ, ಆ ಕೈ ಮೇಲೆ ಮಲಗಬೇಡಿ. ಬೆಳಿಗ್ಗೆ ಎದ್ದ ತಕ್ಷಣ ಬೆರಳಿಟ್ಟು ನೋಡಿ. ಜುಂ ಅನ್ನದಿದ್ದರೆ ಕೂಡಲೇ ಆಸ್ಪತ್ರೆಗೆ ಓಡಿ, ಆಮೇಲೆ ನನಗೆ ಫೋನ್. ಕುಡಿಯುವ ನೀರಿನ ಲೆಕ್ಕ ಅಮ್ಮನ ಕೈಯಲ್ಲೇ ಇರಲಿ. ಬಸ್ಸಿಗೆ ಹೊತ್ತಾಯಿತು, ರಾತ್ರಿ ಡ್ಯೂಟಿ ಇದೆ. ಉಳಿದದ್ದು ಭಾನುವಾರ ಫೋನಿನಲ್ಲಿ.

ನಿಮ್ಮ ಮಗಳು
ಲೀನಾ